ಹಳೆಯ ಆಟಿಕೆಗೆ ಹೊಸ ದಾರಿ

ರಜೆಗೆ ಬಂದ ಅಣ್ಣನ ಮಗನಿಗೆ ಅನಗೋಳದ ನಮ್ಮ ಮನೆಯ ಅಟ್ಟದಲ್ಲಿ ಹಳೆಯ ನಿಂಟೆಂಡೊ ಡಿಎಸ್ ಆಟದ ಯಂತ್ರವೊಂದು ದೊರೆಯಿತು. ಅವನೊಬ್ಬನೇ ಆಡುವಾಗ ಅದು ಚೆನ್ನಾಗಿಯೇ ನಡೆಯಿತು. ಆದರೆ ಪರವೂರಿನ ಅಕ್ಕನೊಡನೆ ಆಡಲೆಳಸಿದಾಗ ಸಂಪರ್ಕವೇ ಸಿಗಲಿಲ್ಲ. "ಕಾಕಾ, ಇದು ಕೆಟ್ಟೈತಿ" ಎಂದು ಹುಡುಗ ಮುಖ ಸಪ್ಪೆ ಮಾಡಿದ. ಕೆಟ್ಟದ್ದು ಯಂತ್ರವಲ್ಲ, ಅದು ಅರಸುತ್ತಿದ್ದ ಮನೆಯೇ ಮುಚ್ಚಿತ್ತು.

೨೦೦೪ರಲ್ಲಿ ಬಂದ ಈ ಯಂತ್ರದ ಅಂತರ್ಜಾಲ ಸೇವೆಯನ್ನು ನಿಂಟೆಂಡೊ ಸಂಸ್ಥೆಯು ೨೦೧೪ರ ಮೇ ೨೦ರಂದು ನಿಲ್ಲಿಸಿತು. ಅದೇ ವರ್ಷ ಅಭಿಮಾನಿಗಳು ವಿಮ್‌ಫಿ ಎಂಬ ಬದಲಿ ಸೇವೆಯನ್ನು ಕಟ್ಟಿದರು. ಆದರೆ ಹಳೆಯ ಯಂತ್ರಕ್ಕೆ ಆ ಹೊಸ ವಿಳಾಸ ತಿಳಿಯದು.

ಅಂತರ್ಜಾಲದಲ್ಲಿ ಹೆಸರನ್ನು ಕೇಳಿ ಅಂಕಿಗಳ ವಿಳಾಸವನ್ನು ತಿಳಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುವರು. ನಮ್ಮೂರಿನ ಅಧಿಕೃತ ಹೆಸರು ೨೦೧೪ರ ನವೆಂಬರ್ ೧ರಂದು ಬೆಳಗಾವಿ ಎಂದಾದ ಮೇಲೂ, 'ಬೆಲ್ಗಾಮ್' ಎಂದು ಬರೆದ ಕಾಗದವನ್ನು ಅಂಚೆಯಣ್ಣ ನಮ್ಮ ಬಾಗಿಲಿಗೇ ತರುವನಲ್ಲವೆ? ಮನೆಯೊಳಗಿನ ಡಿಎನ್‌ಎಸ್ ಪ್ರಾಕ್ಸಿಯೂ ಅಂತಹ ತಿಳಿವಳಿಕೆಯುಳ್ಳ ಅಂಚೆಯಣ್ಣನೇ ಸರಿ.

ಇದಕ್ಕೆ ಹಳೆಯ ಕಂಪ್ಯೂಟರೊಂದು ಸಾಕು. ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿ, ರೌಟರಿನಲ್ಲಿ ಆ ಕಂಪ್ಯೂಟರಿಗೆ ಬದಲಾಗದ ವಿಳಾಸವನ್ನು ಗೊತ್ತುಪಡಿಸಬೇಕು. ನಿಂಟೆಂಡೊವೈಫೈ ಡಾಟ್ ನೆಟ್ ಎಂಬ ಹೆಸರಿನ ಪ್ರಶ್ನೆಗಳನ್ನು ಮಾತ್ರ ಬದಲಿ ಸೇವೆಯ ಡಿಎನ್‌ಎಸ್‌ಗೆ ಕಳುಹಿಸಿ, ಉಳಿದವನ್ನು ಎಂದಿನ ದಾರಿಗೇ ಬಿಡಬೇಕು. ಬಳಿಕ ಆಟದ ಯಂತ್ರದ ಸಂಪರ್ಕ ಪುಟದಲ್ಲಿ ಡಿಎನ್‌ಎಸ್ ತಾನಾಗಿ ಪಡೆಯುವುದನ್ನು ನಿಲ್ಲಿಸಿ, ಮನೆಯ ಕಂಪ್ಯೂಟರಿನ ವಿಳಾಸವನ್ನು ತುಂಬಬೇಕು. ವೀ ಯಂತ್ರದ ಅನೇಕ ಆಟಗಳಿಗೆ ಇಷ್ಟೇ ಸಾಲದು. ಆಟದ ತಂತ್ರಾಂಶದಲ್ಲಿಯೂ ತಿದ್ದುಪಡಿ ಬೇಕಾಗುತ್ತದೆ.

ಇಲ್ಲಿ ಹಿರಿಯರು ಗಮನಿಸಬೇಕಾದ ಮಾತುಂಟು. ದಾರಿ ತೋರುವವನು ದಾರಿ ತಪ್ಪಿಸಲೂಬಲ್ಲ. ಆದುದರಿಂದ ಅಪರಿಚಿತರ ಡಿಎನ್‌ಎಸ್‌ಗೆ ಮನೆಯ ಪ್ರಶ್ನೆಗಳನ್ನೆಲ್ಲ ಒಪ್ಪಿಸಲಾಗದು. ನಮ್ಮ ಪ್ರಾಕ್ಸಿಯ ೫೩ನೆಯ ದ್ವಾರವನ್ನು ಹೊರಜಗತ್ತಿಗೆ ತೆರೆಯಲೂಬಾರದು. ತೆರೆದರೆ ಅನ್ಯರು ಅದನ್ನು ಪರರ ಮೇಲಿನ ದಾಳಿಗೆ ಬಳಸಿಯಾರು. ಇನ್ನೊಂದು ತೊಡಕೆಂದರೆ, ಡಿಎಸ್ ಆಟಗಳು ಬಲ್ಲ ವೈಫೈ ಬೀಗ ಡಬ್ಲ್ಯೂಇಪಿ ಒಂದೇ. ಅದು ಭದ್ರವಲ್ಲವೆಂಬುದು ೨೦೦೧ರಲ್ಲಿಯೇ ತಿಳಿದುಬಂದಿದೆ. ಆಟಕ್ಕಾಗಿ ಮನೆಯ ಬೀಗವನ್ನು ಸಡಿಲಿಸದೆ, ಹಳೆಯ ರೌಟರೊಂದನ್ನು ಬೇರೆಯಾಗಿ ಹೂಡಿ, ಪ್ರಾಕ್ಸಿಯನ್ನು ಅದಕ್ಕೇ ಜೋಡಿಸಿ, ಆಟ ಮುಗಿದೊಡನೆ ಎರಡನ್ನೂ ಆರಿಸುವುದು ಲೇಸು.

ಎರಡು ಸಂಜೆಗಳ ಪ್ರಯತ್ನದ ನಂತರ ಅಕ್ಕ ತಮ್ಮಂದಿರು ಜೊತೆಗೂಡಿ ಆಡಿದರು. ಹಳೆಯದನ್ನು ಉಳಿಸಿಕೊಳ್ಳುವುದು ಜಾಣತನ. ಉಳಿಸುವಾಗ ಮನೆಯ ಬಾಗಿಲನ್ನೂ ಕಾಯುವುದು ವಿವೇಕ.