ನಿಮಗಿದು ಗೊತ್ತೆ? ರಾತ್ರಿ ಏಳುವ ಮಗು ಮತ್ತು ಅಜ್ಜಿಯ ಬಜೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಸುಗೂಸು ರಾತ್ರಿ ಅತ್ತರೆ ಅಜ್ಜಿಯಂದಿರಿಗೆ ಮೊದಲು ನೆನಪಾಗುವುದು ಬಜೆ ಬೇರು. ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು ನಾಲಿಗೆಗೆ ಸವರುತ್ತಾರೆ. ಆದರೆ ಬಜೆಯಲ್ಲಿರುವ ಅಸರೋನ್ ಎಂಬ ರಾಸಾಯನಿಕದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿದೆ. ಮೊದಲ 6 ತಿಂಗಳು ಎದೆಹಾಲು ಮತ್ತು ವೈದ್ಯರು ಕೊಟ್ಟ ಔಷಧ ಬಿಟ್ಟು ಬೇರೇನೂ ಬೇಡ. ಅಜ್ಜಿಗೆ ಬೇಸರವಾದರೂ ಸರಿ.

ಅಷ್ಟಕ್ಕೂ ಮಗು ಏಳುವುದು ರೋಗವಲ್ಲ. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು, 2–3 ಗಂಟೆಗೊಮ್ಮೆ ಹಾಲು ಬೇಕು. ಹಗಲು–ರಾತ್ರಿಯ ವ್ಯತ್ಯಾಸ ತಿಳಿಯತೊಡಗುವುದೇ 2–3 ತಿಂಗಳಿಗೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿಯ ಎದೆಹಾಲಿನಲ್ಲಿ ಹೆಚ್ಚು, ಹಗಲಿನ ಹಾಲಿನಲ್ಲಿ ತೀರಾ ಕಡಿಮೆ. ಹಗಲು–ರಾತ್ರಿಯ ವ್ಯತ್ಯಾಸ ಮಗುವಿಗೆ ತಿಳಿಯಲು ಹಗಲು ಬೆಳಕು ಬರುವಂತೆ ಕಿಟಕಿ ತೆರೆದಿಡಿ. ರಾತ್ರಿ ಹಾಲೂಡಲು ಟ್ಯೂಬ್‌ಲೈಟ್ ಬೇಡ, ಸಣ್ಣ ಬಲ್ಬ್ ಸಾಕು.

ಎತ್ತಿಕೊಂಡು ಜಗಲಿಯಲ್ಲಿ ಓಡಾಡುವ ಹಳೇ ಪದ್ಧತಿಗೆ ಮಾತ್ರ ವಿಜ್ಞಾನದ ಬೆಂಬಲವಿದೆ. ಅಳುವ ಮಗುವನ್ನು 5 ನಿಮಿಷ ಎತ್ತಿಕೊಂಡು ನಡೆದು, ನಿದ್ದೆ ಹತ್ತಿದ ಮೇಲೆ 5–8 ನಿಮಿಷ ಹಿಡಿದುಕೊಂಡೇ ಕೂತು, ಆಮೇಲೆ ಮಲಗಿಸಿ ಎಂದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಸಲಹೆ ಕೊಟ್ಟಿದ್ದಾರೆ.

ಆದರೆ ಸೀರೆಯ ಜೋಲಿಯಲ್ಲಿ ಮಲಗಿಸಿದರೆ ಗದ್ದ ಎದೆಗೆ ಒತ್ತಿ ಉಸಿರು ಕಟ್ಟುವ ಅಪಾಯವಿದೆ. ರಾತ್ರಿ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ದಿಂಬು ಬೇಡ.

ಜ್ವರವಿದ್ದರೆ, ಹಾಲು ಬಿಟ್ಟು ಒಂದೇ ಸಮನೆ ಅತ್ತರೆ ಬೆಳಗಾಗಲಿ ಎಂದು ಕಾಯಬೇಡಿ. ಬಂಟ್ವಾಳ, ಬೆಳ್ತಂಗಡಿಯಲ್ಲಿ ತಾಲೂಕು ಆಸ್ಪತ್ರೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ.