ಕೌದಿಯೊಳಗೆ ಬಿಸಿ ಎಲ್ಲಿಂದ ಬಂತು?



ಡಿಸೆಂಬರ್ ತಿಂಗಳ ರಾತ್ರಿ. ಹೊರಗೆ ಮೈ ನಡುಗಿಸುವ ಚಳಿ. ಅಜ್ಜಿ ಹೊಲಿದ ಕೌದಿಯೊಳಗೆ ಸೇರಿಕೊಂಡ ಸ್ವಲ್ಪ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ. ಕೌದಿಯಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಹೊದೆಯುವ ಮೊದಲು ಮುಟ್ಟಿ ನೋಡಿದರೆ ಅದೂ ತಣ್ಣಗೇ ಇರುತ್ತದೆ. ಹಾಗಾದರೆ ಬಿಸಿ ಎಲ್ಲಿಂದ ಬಂತು?

ಉತ್ತರ ಹುಡುಕಲು ದೂರದ ಅಮೆರಿಕಕ್ಕೆ, ಸುಮಾರು 170 ವರ್ಷ ಹಿಂದಕ್ಕೆ ಹೋಗೋಣ ಬನ್ನಿ. ಅಲ್ಲಿನ ಹೆಂಗಸರೂ ಕೌದಿಯಂಥ ಹೊದಿಕೆ ಹೊಲಿಯುತ್ತಿದ್ದರು. ಅದಕ್ಕೆ ಕ್ವಿಲ್ಟ್ ಎಂದು ಹೆಸರು. ಅವರಿಗೆ ಅದು ಅಂದದ ವಸ್ತು ಮಾತ್ರವಲ್ಲ, ಜೀವ ಕಾಯುವ ವಸ್ತುವೂ ಆಗಿತ್ತು.

ಎತ್ತಿನ ಬಂಡಿಯ ಪಯಣ

1840ರಿಂದ 1860ರ ದಶಕದವರೆಗೆ ಲಕ್ಷಾಂತರ ಜನ ಹೊಸ ಜಮೀನು ಹುಡುಕುತ್ತಾ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದರು. ಅವರು ಸಾಗಿದ ದಾರಿಗಳಲ್ಲಿ ಒರೆಗಾನ್ ದಾರಿ ಪ್ರಸಿದ್ಧವಾದುದು. ಅದರ ಉದ್ದ 3,200 ಕಿಲೋಮೀಟರಿಗೂ ಹೆಚ್ಚು. ಕ್ಯಾನ್ವಾಸ್ ಬಟ್ಟೆಯ ಚಾವಣಿಯಿದ್ದ ಎತ್ತಿನ ಬಂಡಿಗಳಲ್ಲಿ ಈ ದಾರಿ ಸವೆಸಲು ನಾಲ್ಕರಿಂದ ಆರು ತಿಂಗಳು ಬೇಕಾಗುತ್ತಿತ್ತು.

ಬಂಡಿಯಲ್ಲಿ ಜಾಗ ಬಹಳ ಕಡಿಮೆ. ಆದರೂ ಹೆಂಗಸರು ಕ್ವಿಲ್ಟ್‌ಗಳನ್ನು ಬಿಟ್ಟು ಬರಲಿಲ್ಲ. ಹಗಲು ಅದು ಗಟ್ಟಿ ಹಲಗೆಯ ಮೇಲಿನ ಮೆತ್ತೆ. ಪಿಂಗಾಣಿ ಪಾತ್ರೆ ಒಡೆಯದಂತೆ ಸುತ್ತಿಡುವುದಕ್ಕೂ ಅದೇ. ರಾತ್ರಿ ಹಾಸಿಗೆ, ಹೊದಿಕೆ. ದಾರಿಯಲ್ಲಿ ಕಾಲರಾದಂಥ ರೋಗದಿಂದ ಯಾರಾದರೂ ತೀರಿಕೊಂಡರೆ ಪೆಟ್ಟಿಗೆ ಮಾಡಲು ಹಲಗೆ ಸಿಗುತ್ತಿರಲಿಲ್ಲ. ಆಗ ದೇಹವನ್ನು ಕ್ವಿಲ್ಟ್‌ನಲ್ಲಿ ಸುತ್ತಿ ಮಣ್ಣು ಮಾಡಿದ್ದೂ ಉಂಟು.

1862ರಲ್ಲಿ ಅಮೆರಿಕ ಸರಕಾರ ಒಂದು ಕಾಯ್ದೆ ತಂದಿತು. ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆವರೆಗೆ ಜಮೀನು ಸಿಗುತ್ತಿತ್ತು. ಆದರೆ ಆ ನೆಲ ಖಾಲಿ ಇರಲಿಲ್ಲ. ಪಾನೀ, ಲಕೋಟಾ ಮೊದಲಾದ ಮೂಲನಿವಾಸಿಗಳು ತಲೆಮಾರುಗಳಿಂದ ಅಲ್ಲಿ ಬಾಳಿದ್ದರು. ವಲಸೆ ಬಂದವರಿಗೆ ಸಿಕ್ಕಿದ್ದು ಅವರು ಕಳೆದುಕೊಂಡ ನೆಲ.

ನೆಬ್ರಾಸ್ಕ, ಕ್ಯಾನ್ಸಸ್ ಕಡೆಯ ಬಯಲಿನಲ್ಲಿ ಮರಗಳು ಬಹಳ ವಿರಳ. ಜನ ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಕತ್ತರಿಸಿ, ಇಟ್ಟಿಗೆಯಂತೆ ಜೋಡಿಸಿ ಮನೆ ಕಟ್ಟಿಕೊಂಡರು. ಸೌದೆ ಸಿಗದ ಕಡೆ ಒಣಗಿದ ಸಗಣಿಯನ್ನೇ ಉರಿಸಿದರು. ಚಳಿಗಾಲದಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದೂ ಉಂಟು. 1888ರ ಜನವರಿ 12ರಂದು ಆ ಬಯಲಿನಲ್ಲಿ ದಿಢೀರನೆ ಹಿಮಗಾಳಿ ಎದ್ದಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ಊರಿನಲ್ಲಿ ಒಂದು ಒಳ್ಳೆಯ ಹೊದಿಕೆಯ ಬೆಲೆ ಎಷ್ಟೆಂದು ನೀವೇ ಯೋಚಿಸಿ.

ಗಾಳಿಯೇ ಹೊದಿಕೆ

ಕ್ವಿಲ್ಟ್‌ನಲ್ಲಿ ಮೂರು ಪದರಗಳಿರುತ್ತವೆ. ಮೇಲೆ ತುಂಡುಬಟ್ಟೆಗಳನ್ನು ಜೋಡಿಸಿದ ಪದರ. ಕೆಳಗೆ ಅಸ್ತರು. ನಡುವೆ ಅರಳೆ ಅಥವಾ ಉಣ್ಣೆ.

ನಿಜವಾದ ಕೆಲಸ ಮಾಡುವುದು ನಡುವಿನ ಪದರ. ಆದರೆ ಅಲ್ಲಿಯೂ ಚಳಿ ತಡೆಯುವುದರಲ್ಲಿ ದೊಡ್ಡ ಪಾಲು ಹತ್ತಿಯದಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯದು! ಗಾಳಿಯ ಅಣುಗಳು ಒಂದಕ್ಕೊಂದು ದೂರ ಇರುವುದರಿಂದ ಶಾಖ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಗಾಳಿ ಶಾಖದ ಮಂದ ವಾಹಕ. ಆದರೆ ಗಾಳಿ ಓಡಾಡುತ್ತಿದ್ದರೆ ಶಾಖವನ್ನು ಹೊತ್ತೊಯ್ಯುತ್ತದೆ. ಹತ್ತಿಯ ಎಳೆಗಳು ಅದನ್ನು ಸಣ್ಣ ಸಣ್ಣ ಸಂದುಗಳಲ್ಲಿ ಹಿಡಿದು ನಿಲ್ಲಿಸುತ್ತವೆ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಿಸಿ ಬಂದದ್ದು ಕೌದಿಯಿಂದಲ್ಲ, ನಿಮ್ಮ ಮೈಯಿಂದಲೇ! ನಮ್ಮ ದೇಹದ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು ಸದಾ ಶಾಖ ಹೊರಬಿಡುತ್ತಿರುತ್ತದೆ. ಹೊದಿಕೆ ಆ ಶಾಖ ಬೇಗ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ.

ಹೊದಿಕೆ ಒದ್ದೆಯಾದರೆ ಏನಾಗುತ್ತದೆ? ಗಾಳಿಯ ಜಾಗಕ್ಕೆ ನೀರು ಸೇರುತ್ತದೆ. ನಿಶ್ಚಲ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನದಿ ದಾಟುವಾಗ ಬಂಡಿಗೆ ನೀರು ನುಗ್ಗಿದರೆ ಹೆಂಗಸರು ಹಾಸಿಗೆ ಹೊದಿಕೆಗಳನ್ನು ಬಿಸಿಲಿಗೆ ಹರವುತ್ತಿದ್ದುದು ಇದಕ್ಕೇ. ನಿಮ್ಮ ಮನೆಯಲ್ಲೂ ಕೌದಿಯನ್ನು ಬಿಸಿಲಿಗೆ ಹಾಕುವುದನ್ನು ನೋಡಿದ್ದೀರಲ್ಲವೇ?

ಹೊಲಿಗೆಯ ಗುಟ್ಟು

ಕ್ವಿಲ್ಟ್ ತುಂಬ ಕಾಣುವ ಹೊಲಿಗೆ ಬರೀ ಅಲಂಕಾರವಲ್ಲ. ಹೊಲಿಗೆ ಇಲ್ಲದಿದ್ದರೆ ಅರಳೆ ಜರುಗಿ ಮೂಲೆಯಲ್ಲಿ ಗಂಟು ಕಟ್ಟುತ್ತದೆ. ಅರಳೆ ಇಲ್ಲದ ಕಡೆ ಚಳಿ ಒಳಗೆ ನುಗ್ಗುತ್ತದೆ. ಹಾಗೆಂದು ತೀರ ಒತ್ತೊತ್ತಾಗಿ ಹೊಲಿದರೆ ಅರಳೆ ಅದುಮಿಹೋಗಿ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಎರಡರ ನಡುವಿನ ಹದವನ್ನು ಆ ಹೆಂಗಸರು ಕೈಯ ಅನುಭವದಿಂದಲೇ ಕಂಡುಕೊಂಡಿದ್ದರು. ಚಿಕ್ಕ ಹುಡುಗಿಯರು ಒಂಬತ್ತು ಚೌಕಗಳನ್ನು ಕೂಡಿಸುವ ಸುಲಭದ ಮಾದರಿಯಿಂದ ಹೊಲಿಗೆ ಕಲಿಯುತ್ತಿದ್ದರು. ದೊಡ್ಡ ಕ್ವಿಲ್ಟ್ ಆದರೆ ನೆರೆಹೊರೆಯವರೆಲ್ಲ ಒಂದು ಚೌಕಟ್ಟಿನ ಸುತ್ತ ಕುಳಿತು ಮಾತನಾಡುತ್ತಾ ಹೊಲಿಯುತ್ತಿದ್ದರು.

ಕೆಲವು ಕ್ವಿಲ್ಟ್‌ಗಳ ಒಂದೊಂದು ಚೌಕದಲ್ಲೂ ಒಬ್ಬೊಬ್ಬರ ಸಹಿ ಇರುತ್ತಿತ್ತು. 1840ರ ದಶಕದಲ್ಲಿ ಇಂಥವು ಬಹಳ ಜನಪ್ರಿಯವಾದವು. ಪಶ್ಚಿಮಕ್ಕೆ ಹೊರಟ ಗೆಳತಿಗೆ ಉಳಿದವರು ಹೀಗೆ ಹೆಸರು ಬರೆದು ಕೊಡುತ್ತಿದ್ದರು. ಫೋನ್ ಇಲ್ಲದ ಕಾಲ. ಮತ್ತೆ ಭೇಟಿಯಾಗುವ ಭರವಸೆಯೂ ಇಲ್ಲ. ಸಾವಿರಾರು ಕಿಲೋಮೀಟರ್ ಆಚೆಗೆ ಅವಳೊಡನೆ ಹೋದದ್ದು ಆ ಹೆಸರುಗಳು. ಆ ಕಾಲದ ಎಷ್ಟೋ ಹೆಂಗಸರ ಬದುಕನ್ನು ಯಾರೂ ಬರೆದಿಡಲಿಲ್ಲ. ಅವರು ಹೊಲಿದ ಕ್ವಿಲ್ಟ್‌ಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಜೋಪಾನ ಮಾಡಿ, ಇತಿಹಾಸದ ದಾಖಲೆಗಳಂತೆ ಓದುತ್ತಾರೆ.

ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಅರಳೆಯ ಬದಲು ಹಳೆಯ ಸೀರೆ, ಧೋತರಗಳ ಪದರಗಳಿರುತ್ತವೆ. ಆದರೆ ಪದರಗಳ ನಡುವೆ ನಿಲ್ಲುವ ಗಾಳಿ ಒಂದೇ, ವಿಜ್ಞಾನವೂ ಒಂದೇ. ಮನೆಯಲ್ಲಿ ಕೌದಿ ಇದ್ದರೆ, ಅದರ ಯಾವ ತುಂಡು ಯಾರ ಬಟ್ಟೆಯದೆಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಒಣ ಬಟ್ಟೆಯನ್ನು ನಾಲ್ಕು ಸುತ್ತು ಸುತ್ತಿ. ಮೂರನೆಯದಕ್ಕೆ ಅಷ್ಟೇ ಒದ್ದೆ ಬಟ್ಟೆ ಸುತ್ತಿ. ಶಿಕ್ಷಕರ ನೆರವಿನಿಂದ ಮೂರಕ್ಕೂ ಸಮನಾಗಿ ಬಿಸಿನೀರು ಹಾಕಿ ಮುಚ್ಚಿಡಿ. 20 ನಿಮಿಷದ ನಂತರ ಶಾಲೆಯ ಉಷ್ಣತಾಮಾಪಕದಿಂದ ಅಳೆಯಿರಿ. ಯಾವುದು ಹೆಚ್ಚು ಬಿಸಿಯಾಗಿದೆ? ಯಾವುದು ಬೇಗ ಆರಿದೆ? ಏಕೆ?

ಕೊನೆಗೊಂದು ಪ್ರಶ್ನೆ: ಐಸ್ ತುಂಡನ್ನು ಕೌದಿಯಲ್ಲಿ ಸುತ್ತಿಟ್ಟರೆ ಅದು ಬೇಗ ಕರಗುತ್ತದೆಯೇ, ನಿಧಾನವಾಗಿ ಕರಗುತ್ತದೆಯೇ? ಮೊದಲು ಯೋಚಿಸಿ, ಆಮೇಲೆ ಮಾಡಿ ನೋಡಿ.