ಪೆಡಲ್ ಒತ್ತೋಕೆ ಇನ್ನೊಬ್ಬರು ಇಲ್ಲದಾಗ

ರಜೆಗೆ ಊರಿಗೆ ಹೋದಾಗ ಅಪ್ಪನ ಹಳೇ ಮಾರುತಿ 800 ತಗೊಂಡು ಜೋಗಿಮಟ್ಟಿಗೆ ಹೋಗಿದ್ದೆವು. ಹತ್ತುವಾಗ ಏನೂ ತೊಂದರೆ ಇರಲಿಲ್ಲ. ಇಳಿಯುವಾಗ ನಾಲ್ಕೈದು ತಿರುವು ದಾಟುವಷ್ಟರಲ್ಲಿ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಎರಡು ಸಲ ಪಂಪ್ ಮಾಡಿದರೆ ಗಟ್ಟಿ, ಬಿಟ್ಟು ಒತ್ತಿದರೆ ಮತ್ತೆ ಮೆತ್ತಗೆ. ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟುಕೊಂಡೇ ದುರ್ಗಕ್ಕೆ ಇಳಿದದ್ದಾಯಿತು. ಹಿಂದೆ ಕೂತಿದ್ದ ತಂಗಿಗೆ ಏನೂ ಹೇಳಲಿಲ್ಲ.

ಪ್ಯಾಸ್ಕಲ್ ನಿಯಮ ನಮಗೆಲ್ಲ ಗೊತ್ತು. ದ್ರವ ಕುಗ್ಗುವುದಿಲ್ಲ, ಹಾಗಾಗಿ ಪೆಡಲಿನ ಒತ್ತಡ ಹಾಗೇ ಚಕ್ರಕ್ಕೆ ಹೋಗುತ್ತದೆ. ಲೈನಿನಲ್ಲಿ ಗಾಳಿ ಸೇರಿದರೆ ಏನಾಗುತ್ತೆ? ಒಂದು ಲೆಕ್ಕ ಹಾಕೋಣ. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ. ಅಂತ ಇಟ್ಟುಕೊಳ್ಳಿ, ಅಡ್ಡಕೊಯ್ತದ ವಿಸ್ತೀರ್ಣ 3.14 ಚದರ ಸೆಂ.ಮೀ. ಒಳಗೆ 1 ಸಿಸಿ ಗಾಳಿ ಇದೆ. ಒತ್ತಡ 40 ಪಟ್ಟು ಏರಿದಾಗ ಅದು ನಲವತ್ತನೇ ಒಂದು ಭಾಗಕ್ಕೆ ಕುಗ್ಗುತ್ತೆ, ಅಂದರೆ ಹೆಚ್ಚುಕಮ್ಮಿ ಮಾಯ. ಅದನ್ನು ಕುಗ್ಗಿಸೋಕೇ ಪಿಸ್ಟನ್ 3 ಮಿ.ಮೀ. ಚಲಿಸಬೇಕು. ಪೆಡಲ್ ಅನುಪಾತ 4 ಆದರೆ ನಿಮ್ಮ ಕಾಲು ಹೆಚ್ಚುವರಿಯಾಗಿ 12 ಮಿ.ಮೀ.ಗೂ ಜಾಸ್ತಿ ಇಳಿಯಬೇಕು. ಒಂದೇ ಒಂದು ಸಿಸಿಗೆ ಇಷ್ಟು! ಹಿರಿಯೂರಿನ ಹೈವೇಯಲ್ಲಿ ಟುಸ್ಸ್ ಅಂತ ನಿಲ್ಲುವ ಲಾರಿಗಳಿಗೆ ಗಾಳಿಯೇ ಬ್ರೇಕು, ನಮ್ಮ ಕಾರಿಗೆ ಅದೇ ಶತ್ರು.

ಆದರೆ ನಮ್ಮ ಕಾರಿನಲ್ಲಿ ಪೆಡಲ್ ಮೆತ್ತಗಾಗಿದ್ದು ಬಿಸಿಯಾದ ಮೇಲೆ. ಮನೆಯಲ್ಲಿ ತಣ್ಣಗಾದ ಮೇಲೆ ಮತ್ತೆ ಸರಿ ಇತ್ತು. ಅದು ಹಳೇ ಫ್ಲೂಯಿಡಿನ ಲಕ್ಷಣ. ಗ್ಲೈಕಾಲ್ ಆಧಾರಿತ ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಈ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಕುದಿದರೆ ಆವಿ, ಆವಿ ಅಂದರೆ ಮತ್ತೆ ಕುಗ್ಗುವ ಅನಿಲ. ಹಾಗಾಗಿ ನನಗೆ ಬೇಕಿದ್ದದ್ದು ಹಳೆಯದನ್ನೆಲ್ಲ ಹೊರಹಾಕಿ ಹೊಸದು ತುಂಬೋದು. ಕೆಲಸ ಮಾತ್ರ ಅದೇ, ಬ್ಲೀಡಿಂಗ್.

ಇದು ಸಾಮಾನ್ಯವಾಗಿ ಇಬ್ಬರ ಕೆಲಸ. ಒಬ್ಬರು "ಒತ್ತಿದೆ" ಅಂತಾರೆ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ "ಬಿಡು" ಅಂತಾರೆ. ಎರಡನೆಯವರು ಬೇಕಾಗೋದು ಒಂದೇ ಕಾರಣಕ್ಕೆ: ಪೆಡಲ್ ಮೇಲೆ ಬರುವಾಗ ತೆರೆದ ನಿಪ್ಪಲಿನಿಂದ ಗಾಳಿ ಒಳಗೆ ಎಳೆದುಕೊಳ್ಳಬಾರದು. ಈ ಕೆಲಸವನ್ನು ಒಂದು ಪಾರದರ್ಶಕ ಪೈಪು, ಒಂದು ಬಾಟಲಿ ಮಾಡಿಕೊಡುತ್ತವೆ. ಅಕ್ವೇರಿಯಂ ಅಂಗಡಿಯ ಪೈಪನ್ನು ಬಿಸಿನೀರಲ್ಲಿ ಅದ್ದಿ ನಿಪ್ಪಲಿಗೆ ಬಿಗಿಯಾಗಿ ಹಾಕಿ. ಇನ್ನೊಂದು ತುದಿ ಬಾಟಲಿಯೊಳಗೆ, ಎರಡು ಬೆರಳಷ್ಟು ಹೊಸ ಫ್ಲೂಯಿಡಿನಲ್ಲಿ ಮುಳುಗಿರಬೇಕು. ಬಾಟಲಿಯನ್ನು ತಂತಿ ಕಟ್ಟಿ ನಿಪ್ಪಲಿಗಿಂತ ಎತ್ತರಕ್ಕೆ ತೂಗುಹಾಕಿ. ಗುಳ್ಳೆ ಮೇಲಕ್ಕೆ ಹೋಗುತ್ತೆ, ಪೆಡಲ್ ಹಿಂದೆ ಎಳೆದರೂ ಬರೋದು ದ್ರವವೇ. ಇಷ್ಟಾದರೂ ನಿಪ್ಪಲಿನ ಥ್ರೆಡ್ ಸುತ್ತ ಗಾಳಿ ನುಸುಳಬಹುದು, ಅದಕ್ಕೆ ಬುಡಕ್ಕೆ ಹೊರಗಿನಿಂದ ಸ್ವಲ್ಪ ಗ್ರೀಸ್ ಮೆತ್ತಿ, ಕಾಲು ಸುತ್ತಿಗಿಂತ ಜಾಸ್ತಿ ತೆರೀಬೇಡಿ. ರಿಂಗ್ ಸ್ಪ್ಯಾನರ್ ಮಾತ್ರ ಬಳಸಿ. ತುಕ್ಕು ಹಿಡಿದ ನಿಪ್ಪಲಿಗೆ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು, ಆಮೇಲೆ ಗ್ಯಾರೇಜೇ ಗತಿ.

ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು, ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರೋದರಿಂದ ಸಾಮಾನ್ಯವಾಗಿ ಎಡ ಹಿಂದಿನದು. ಕರ್ಣಾಕಾರದ ಸರ್ಕ್ಯೂಟ್ ಇರುವ ಕಾರುಗಳಲ್ಲಿ ಕ್ರಮ ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿ. ಹಿಂಭಾಗ ಎತ್ತಿದಾಗ ಹ್ಯಾಂಡ್‌ಬ್ರೇಕ್ ಕಾರನ್ನು ಹಿಡಿಯಲ್ಲ, ಯಾಕಂದ್ರೆ ಅದು ಇರೋದೇ ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಗೇರಿನಲ್ಲಿಡಿ, ಜಾಕನ್ನಷ್ಟೇ ನಂಬದೆ ಸ್ಟ್ಯಾಂಡ್ ಇಡಿ.

ಈಗ ಪೆಡಲನ್ನು ನಿಧಾನವಾಗಿ ಒತ್ತಿ, ಅದಕ್ಕಿಂತ ನಿಧಾನವಾಗಿ ಬಿಡಿ. ಹಳೇ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಪಿಸ್ಟನ್ ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋದರೆ ಸೀಲ್ ಹರಿಯುತ್ತೆ. ಹತ್ತು ಸಲ ಒತ್ತಿದ ಮೇಲೆ ಎದ್ದು ಹೋಗಿ ರಿಸರ್ವಾಯರ್ ನೋಡಲೇಬೇಕು. ನಾನು ಎರಡನೇ ಚಕ್ರದಲ್ಲಿ ಹಾಡು ಕೇಳ್ತಾ ಮರೆತೆ, ಅದು ಖಾಲಿಯಾಗಿ ಗಾಳಿ ಎಳೆದುಕೊಂಡಿತು. ಮತ್ತೆ ಮೊದಲಿನಿಂದ. ಪೈಪಿನಲ್ಲಿ ಕಾಫಿ ಬಣ್ಣ ಹೋಗಿ ತಿಳಿಯಾಗುವವರೆಗೆ, ಗುಳ್ಳೆ ನಿಲ್ಲುವವರೆಗೆ ನಾಲ್ಕೂ ಚಕ್ರಕ್ಕೆ ಇದೇ. ಎಬಿಎಸ್ ಇರುವ ಕಾರಲ್ಲಿ ರಿಸರ್ವಾಯರ್ ಖಾಲಿ ಮಾಡಿಕೊಂಡರೆ ಕಷ್ಟ. ಮಾಡ್ಯುಲೇಟರೊಳಗೆ ಗಾಳಿ ಸೇರಿದರೆ ಅದನ್ನು ತೆಗೆಯೋಕೆ ಹಲವು ಕಾರುಗಳಿಗೆ ಸ್ಕ್ಯಾನ್ ಟೂಲ್ ಬೇಕು.

ನಿಪ್ಪಲ್‌ಗಳನ್ನು ಬಿಗಿ ಮಾಡಿ, ಎಂಜಿನ್ ಆಫ್ ಇಟ್ಟು ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಎಷ್ಟು ಬ್ಲೀಡ್ ಮಾಡಿದರೂ ಸರಿಹೋಗಲ್ಲ, ಆ ಕಾರನ್ನು ರಸ್ತೆಗೆ ತರಬೇಡಿ. ಬೂಸ್ಟರ್ ಇದ್ದರೆ ಎಂಜಿನ್ ಶುರು ಮಾಡಿದಾಗ ಪೆಡಲ್ ತುಸು ಇಳಿಯುವುದು ಸಹಜ. ಆಮೇಲೆ ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ಮೊದಲ ಬ್ರೇಕ್.

ಫ್ಲೂಯಿಡ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿದು ತೊಳೀರಿ. ನಮ್ಮ ಕಾರಿನ ಬಾನೆಟ್ ಪಕ್ಕದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಬಣ್ಣ ಎದ್ದಿದೆ, ಅಪ್ಪ ಇನ್ನೂ ಗಮನಿಸಿಲ್ಲ.